ಫೋರ್ಟಿನ ತಂಪು, ಮುಂಬಯಿಯ ಗಾಳಿ

ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ, ಲಯನ್ ಗೇಟಿನ ಎದುರು, ಸೇಂಟ್ ಆಂಡ್ರ್ಯೂಸ್ ಚರ್ಚಿನ ಮಗ್ಗುಲಲ್ಲಿ ಇವತ್ತು ಕೆ. ಆರ್. ಕಾಮಾ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ನಿಂತಿದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಅಲ್ಲಿದ್ದದ್ದು ಐಸ್ ಹೌಸ್. ಬಾಸ್ಟನ್ ಸುತ್ತಲಿನ ಕೆರೆಗಳಲ್ಲಿ ಚಳಿಗೆ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ತಿಂಗಳುಗಟ್ಟಲೆ ಹಡಗಿನಲ್ಲಿ ತಂದು ಇಳಿಸುತ್ತಿದ್ದರು. ಫ್ರೆಡರಿಕ್ ಟ್ಯೂಡರ್‌ನ ಈ ವ್ಯಾಪಾರ 1833ರಲ್ಲಿ ಕಲ್ಕತ್ತೆಯನ್ನೂ ಮರುವರ್ಷ ಮುಂಬಯಿಯನ್ನೂ ಮುಟ್ಟಿತು. ಜಮ್‌ಶೆಟ್‌ಜಿ ಜೀಜೀಭಾಯ್ ಎಂಬ ಸಾಹುಕಾರ ಕೊಟ್ಟ ಔತಣದಲ್ಲಿ ಐಸ್‌ಕ್ರೀಂ ತಿಂದವರಿಗೆಲ್ಲ ನೆಗಡಿಯಾಯಿತು, ಪರದೇಶಿ ಚಪಲಕ್ಕೆ ತಕ್ಕ ಶಾಸ್ತಿಯಾಯಿತು ಎಂದು ‘ಮುಂಬಯಿ ಸಮಾಚಾರ’ ಪತ್ರಿಕೆ ಕುಟುಕಿದ ಕತೆ ಈಗಲೂ ಓಡಾಡುತ್ತದೆ. ಈ ಊರಿನ ತಂಪಿನ ಚರಿತ್ರೆಯನ್ನು ಸಾಮಾನ್ಯವಾಗಿ ಹೀಗೇ ಹೇಳುವುದು: ಮೊದಲು ಹಡಗು, ಆಮೇಲೆ ಯಂತ್ರ, ನಡುವೆ ಸಾಹುಕಾರರು. ನನಗೆ ಇದು ಅರ್ಧ ಚರಿತ್ರೆಯಾಗಿ ಕಾಣುತ್ತದೆ. ಫೋರ್ಟಿನಲ್ಲಿ ತಂಪನ್ನು ತರುವುದು, ತಯಾರಿಸುವುದು ಎಂದೂ ದೊಡ್ಡ ತಲೆನೋವಾಗಿರಲಿಲ್ಲ. ಅದರೊಳಕ್ಕೆ ಮುಂಬಯಿಯ ಗಾಳಿ ನುಗ್ಗದಂತೆ ನೋಡಿಕೊಳ್ಳುವುದೇ ಕಷ್ಟವಾಗಿತ್ತು. ಐಸ್ ಹೌಸಿನ ಬಾಗಿಲಿನಿಂದ ಇವತ್ತಿನ ಏಸಿಯ ವಾಲ್ವಿನವರೆಗೆ ನಡೆದಿರುವುದು ಒಂದೇ ಹೋರಾಟ.

ಐಸ್ ಕರಗುವುದು ಸೆಕೆಗೆ, ಗಾಳಿಯನ್ನೇಕೆ ದೂರುವುದು ಎಂದು ಕೇಳಬಹುದು. ಗಾಳಿಯಲ್ಲಿರುವ ನೀರಿನ ಪಸೆಯನ್ನು ಲೆಕ್ಕಕ್ಕೆ ಹಿಡಿದರೆ ಉತ್ತರ ಸಿಗುತ್ತದೆ. ಮಳೆಗಾಲದಲ್ಲಿ, 30 ಡಿಗ್ರಿ ಸೆಕೆಯಲ್ಲಿ, ಒಂದು ಘನ ಮೀಟರ್ ಮುಂಬಯಿ ಗಾಳಿ ಇಪ್ಪತ್ತು ಗ್ರಾಮಿಗೂ ಮೀರಿ ಆವಿಯನ್ನು ಹೊತ್ತಿರುತ್ತದೆ. ಆ ಆವಿ ಮಂಜುಗಡ್ಡೆಯ ಮೇಲೆ ಹನಿಗಟ್ಟುವಾಗ ಬಿಟ್ಟುಕೊಡುವ ಶಾಖ ಎಷ್ಟೆಂದರೆ, ಒಂದು ಗ್ರಾಂ ಆವಿ ಸುಮಾರು ಏಳು ಗ್ರಾಂ ಐಸನ್ನು ಕರಗಿಸುತ್ತದೆ. ದಪ್ಪ ಗೋಡೆ, ಅಲುಗದಂತೆ ತುಂಬಿದ ಹೊಟ್ಟು: ಇವೆರಡೂ ಗಾಳಿಯ ಓಡಾಟ ತಡೆಯುವ ಉಪಾಯಗಳೂ ಆಗಿದ್ದವು.

ಟ್ಯೂಡರ್‌ನ ಐಸು ಮುಂಬಯಿಗೆ ಬಂದ ವರ್ಷವೇ ಲಂಡನ್ನಿನಲ್ಲಿ ಜೇಕಬ್ ಪರ್ಕಿನ್ಸ್ ಆವಿಯನ್ನು ಒತ್ತಿ ತಂಪು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಒಂದೇ ದ್ರವ ಮುಚ್ಚಿದ ಕೊಳವೆಗಳಲ್ಲಿ ಆವಿಯಾಗುತ್ತ, ಮತ್ತೆ ದ್ರವವಾಗುತ್ತ ಸುತ್ತುವ ಆ ಉಪಾಯವೇ ಇಂದಿನ ಫ್ರಿಜ್ಜಿನದೂ ಹೌದು. ಅಲ್ಲಿಂದ ಕಾವಲು ಗೋದಾಮಿನ ಬಾಗಿಲಿನಿಂದ ಕೊಳವೆಯ ಬಾಯಿಗೆ ಬಂತು. ಒಳಗೆ ಗಾಳಿ ಉಳಿದರೆ ಅದು ಎಂದೂ ದ್ರವವಾಗದೆ, ಆವಿಯನ್ನು ದ್ರವವಾಗಿಸುವ ಕಂಡೆನ್ಸರಿನಲ್ಲಿ ಕೂತು ಒತ್ತಡ ಏರಿಸುತ್ತದೆ. ಪಸೆ ಉಳಿದರೆ ಇನ್ನೂ ಕೇಡು. ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ, ದ್ರವದ ಒತ್ತಡ ಇಳಿಸುವ ಕಿರಿದಾದ ಕಂಡಿಯಲ್ಲಿ, ಅದು ಹರಳುಗಟ್ಟಿ ದಾರಿ ಮುಚ್ಚುತ್ತದೆ. ಯಂತ್ರ ತಂಪು ಕೊಡುವುದನ್ನು ನಿಲ್ಲಿಸುತ್ತದೆ. ಹರಳು ಕರಗಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ನಡೆಯುತ್ತದೆ. ವಾಲ್ವಿಗೆ ಬಿಸಿನೀರಿನ ಬಟ್ಟೆ ಸುತ್ತಿ, ಯಂತ್ರ ಮತ್ತೆ ನಡೆದರೆ ಒಳಗೆ ನೀರಿದೆ ಎಂದು ಪತ್ತೆಹಚ್ಚುವುದು ಹಳೆಯ ಮೆಕ್ಯಾನಿಕ್‌ಗಳ ನಾಡಿಪರೀಕ್ಷೆ.

ಫೋರ್ಟ್ ಸುತ್ತಮುತ್ತ ಈ ಕಸುಬು ಬೇರುಬಿಟ್ಟದ್ದು ಹೆಚ್ಚಾಗಿ ರಿಪೇರಿಯಿಂದ. ರೀಗಲ್ ಸಿನಿಮಾ 1933ರಲ್ಲಿ ತೆರೆದು ತಣ್ಣನೆಯ ಗಾಳಿಯ ರುಚಿ ಹತ್ತಿಸಿತು. 1943ರಲ್ಲಿ ಮೋಹನ್ ಟಿ. ಆಡ್ವಾಣಿ ಮುಂಬಯಿಯಲ್ಲಿ ಬ್ಲೂ ಸ್ಟಾರ್ ಶುರುಮಾಡಿದ್ದು ಹಳೆಯ ಏಸಿ, ಫ್ರಿಜ್ಜುಗಳನ್ನು ದುರಸ್ತಿ ಮಾಡುವ ಪುಟ್ಟ ಸಂಸ್ಥೆಯಾಗಿ. ಬಲ್ಲಾರ್ಡ್ ಎಸ್ಟೇಟಿನಲ್ಲಿ ತನ್ನ ಹೆಸರಿನ ಕಟ್ಟಡವನ್ನೇ ಹೊಂದಿದ್ದ ಸ್ವಿಸ್ ಕಂಪನಿ ವೋಲ್ಕಾರ್ಟ್ ಬ್ರದರ್ಸ್, ಟಾಟಾ ಜೊತೆ ಸೇರಿ 1954ರಲ್ಲಿ ವೋಲ್ಟಾಸನ್ನು ಹುಟ್ಟುಹಾಕಿತು. ಬ್ಯಾಂಕು, ಕಚೇರಿ, ಇರಾನಿ ಅಂಗಡಿ, ನಮ್ಮ ಉಡುಪಿ ಹೋಟೆಲು, ಎಲ್ಲ ಕಡೆಗೂ ಗೇಜು, ಹೋಸು, ಸಿಲಿಂಡರು ಹೊತ್ತು ಹೋಗುವ ಮೆಕ್ಯಾನಿಕ್ ಬೇಕಾದ. ಆದರೆ ಅವನ ಚೀಲದಲ್ಲಿ ಬಹುಕಾಲ ವ್ಯಾಕ್ಯೂಮ್ ಪಂಪ್ ಇರುತ್ತಿರಲಿಲ್ಲ. ಒಂದು ತುದಿಯ ನಟ್ಟು ಸಡಿಲಿಸಿ, ಇನ್ನೊಂದು ತುದಿಯಿಂದ ಸ್ವಲ್ಪ ಗ್ಯಾಸ್ ಬಿಟ್ಟು, ಒಳಗಿನ ಗಾಳಿಯನ್ನು ಬುಸ್ಸೆಂದು ಹೊರಗಟ್ಟಿ ನಟ್ಟು ಬಿಗಿದರೆ ಮುಗಿಯಿತು. ಇಲ್ಲವೇ ಯಂತ್ರದ ಕಂಪ್ರೆಸರನ್ನೇ ಪಂಪಾಗಿ ಓಡಿಸುವುದು.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಹಾಗೆ ದುರಸ್ತಿಯಾದ ಯಂತ್ರಗಳು ಎಷ್ಟೋ ವರ್ಷ ನಡೆದವಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆಗಿನ ಆರ್-12 ಅನಿಲದ ಜೊತೆ ಬಳಸುತ್ತಿದ್ದ ಖನಿಜ ತೈಲ ನೀರನ್ನು ಅಷ್ಟಾಗಿ ಹೀರುತ್ತಿರಲಿಲ್ಲ. ಉಳಿದದ್ದನ್ನು ಪಸೆ ಹೀರುವ ಡ್ರೈಯರ್ ಹಿಡಿದಿಡುತ್ತಿತ್ತು. ಮಫತ್‌ಲಾಲ್ ಸಮೂಹದ, 1967ರಲ್ಲಿ ಸ್ಥಾಪನೆಯಾದ ನವೀನ್ ಫ್ಲೋರಿನ್ ಸೂರತ್‌ನಲ್ಲಿ ‘ಮ್ಯಾಫ್ರಾನ್’ ಹೆಸರಿನಲ್ಲಿ ಈ ಬಗೆಯ ಅನಿಲವನ್ನು ತಯಾರಿಸತೊಡಗಿದ ಮೇಲೆ ಗ್ಯಾಸಿಗೆ ಪರದೇಶದ ದಾರಿ ಕಾಯುವುದೂ ತಪ್ಪಿತು. ಪಂಪು ದುಬಾರಿ, ಅದನ್ನು ಓಡಿಸುತ್ತ ಕೂರುವ ಗಂಟೆಗೆ ಕೂಲಿ ಕೊಡುವವರಿರಲಿಲ್ಲ. ಮೆಕ್ಯಾನಿಕ್ ಲೆಕ್ಕ ತಪ್ಪಿರಲಿಲ್ಲ.

ಲೆಕ್ಕ ಬದಲಾದದ್ದು ಓಝೋನ್ ಪದರದಿಂದ. ಅದನ್ನು ಉಳಿಸಲು ಆದ 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. 2008ರಲ್ಲಿ ಆರ್-12ರಂಥ ಸಿಎಫ್‌ಸಿ ಅನಿಲಗಳ ತಯಾರಿಕೆಯನ್ನು, ಔಷಧದ ಬಳಕೆಯೊಂದನ್ನು ಬಿಟ್ಟು, ನಿಲ್ಲಿಸಿತು. ಬದಲಿಗೆ ಬಂದ ಆರ್-134ಎ ಜೊತೆಗಿನ ಎಸ್ಟರ್ ತೈಲ ನೀರಿಗೆ ಬಾಯಿಬಿಟ್ಟುಕೊಂಡೇ ಇರುತ್ತದೆ, ಹೀರಿದ ನೀರಿನಿಂದ ಆಮ್ಲವಾಗುತ್ತದೆ. ಗಾಳಿಯನ್ನು ಬುಸ್ಸೆನಿಸಿದರೆ ಸಾಲದು, ಗೋಡೆಗಂಟಿದ ಪಸೆಯನ್ನೂ ಕುದಿಸಿ ತೆಗೆಯಬೇಕು. ಒತ್ತಡವನ್ನು ಪಾದರಸದ 500 ಮೈಕ್ರಾನಿಗೆ ಇಳಿಸಿದರೆ ನೀರು ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೂ ಆವಿಯಾಗುತ್ತದೆ. ಕಸುಬಿನಲ್ಲಿ ಸಾಮಾನ್ಯವಾಗಿ ಇಟ್ಟುಕೊಂಡ ಗುರಿಯೂ ಅದೇ.

ಇಲ್ಲಿ ಕೈಚಳಕವೆಲ್ಲ ವಾಲ್ವಿನದು. ಹಳೆಯ ಸರ್ವಿಸ್ ವಾಲ್ವಿನ ಸ್ಪಿಂಡಲ್ಲನ್ನು ಪೂರ್ತಿ ಹೊರಕ್ಕೆ ತಿರುಗಿಸಿದರೆ ಗೇಜಿನ ಬಾಯಿ ಮುಚ್ಚುತ್ತದೆ, ಪೂರ್ತಿ ಒಳಕ್ಕೆ ತಿರುಗಿಸಿದರೆ ಪೈಪಿನ ದಾರಿ ಮುಚ್ಚುತ್ತದೆ. ವ್ಯಾಕ್ಯೂಮ್ ಮಾಡುವಾಗ ಅದು ನಡುವೆ ನಿಲ್ಲಬೇಕು; ಪೂರ್ತಿ ಹೊರಗಿದ್ದರೆ ಪಂಪು ಹೋಸನ್ನಷ್ಟೇ ಬರಿದು ಮಾಡುತ್ತದೆ, ಗೇಜು ಸುಳ್ಳು ಹೇಳುತ್ತದೆ. ಮುಚ್ಚಿಕೊಂಡ, ವಿದ್ಯುತ್ತಿನಿಂದ ನಡೆಯುವ ಸೊಲೆನಾಯ್ಡ್ ವಾಲ್ವಿನ ಆಚೆಗೂ ಗಾಳಿ ಸಿಕ್ಕಿಬೀಳುತ್ತದೆ, ಅದನ್ನು ಮೊದಲೇ ತೆರೆದಿರಬೇಕು. ಚೌಕ ಸ್ಪಿಂಡಲ್ಲಿಗೆ ಪಕ್ಕಡ್ ಹಾಕಿದರೆ ಮೂಲೆ ಸವೆಯುತ್ತದೆ, ಅತಿಯಾಗಿ ಬಿಗಿದರೆ ಒಳಗಿನ ಸೀಟು ಕೆಡುತ್ತದೆ. ಬೆಸುಗೆ ಹಾಕುವಾಗ ವಾಲ್ವಿಗೆ ಒದ್ದೆ ಬಟ್ಟೆ ಸುತ್ತದಿದ್ದರೆ ಸೀಲು ಬೇಯುತ್ತದೆ. ಇನ್ನು ಕಂಪ್ರೆಸರನ್ನೇ ಪಂಪು ಮಾಡುವ ಹಳೆಯ ಚಾಳಿ: ಬಹುಪಾಲು ಮುಚ್ಚಿದ ಕಂಪ್ರೆಸರುಗಳಲ್ಲಿ ಮೋಟಾರನ್ನು ತಣಿಸುವುದು ಒಳಬರುವ ಗ್ಯಾಸೇ. ಅದಿಲ್ಲದೆ ಓಡಿಸಿದರೆ ಮೋಟಾರು ಕಾದು, ನಿರ್ವಾತದಲ್ಲಿ ಕಿಡಿ ಹಾರಿ ಸುಟ್ಟುಹೋಗಬಹುದು.

ನಿಯಮ ಬದಲಾದರೂ ಫೋರ್ಟಿನ ಬಿಲ್ಲುಗಳಲ್ಲಿ ‘ಗ್ಯಾಸ್ ಚಾರ್ಜಿಂಗ್’ ಮಾತ್ರ ಇರುತ್ತದೆ. ಪಂಪು ಓಡಿದ ಸಮಯಕ್ಕೆ ಅಲ್ಲಿ ಸಾಲಿಲ್ಲ. ಗಿರಾಕಿ ಗ್ಯಾಸಿಗೆ ಕಾಸು ಕೊಡುತ್ತಾನೆ, ಗಾಳಿ ತೆಗೆದದ್ದಕ್ಕೆ ಕೊಡುವುದಿಲ್ಲ; ಹೀಗಿರುವಾಗ ಆತುರದ ತಪ್ಪನ್ನು ಮೆಕ್ಯಾನಿಕ್ ತಲೆಗೆ ಕಟ್ಟುವುದು ಅನ್ಯಾಯ. ಈಗ ಮನೆಮನೆಗೆ ಬರುತ್ತಿರುವ ಆರ್-32, ಆರ್-290 ಬೆಂಕಿ ಹಿಡಿಯಬಲ್ಲ ಅನಿಲಗಳು. ಇವುಗಳೊಡನೆ ಒಳಗೆ ಗಾಳಿ ಸೇರಿದರೆ ಹೋಗುವುದು ಬರೀ ತಂಪಲ್ಲ. ಮುಂದಿನ ಸಲ ಏಸಿಗೆ ಗ್ಯಾಸ್ ತುಂಬಿಸುವಾಗ ವ್ಯಾಕ್ಯೂಮ್ ಪಂಪ್ ತಂದಿದ್ದೀರಾ ಎಂದು ಕೇಳಿ, ತಂದಿದ್ದರೆ ಆ ಗಂಟೆಯ ಕೂಲಿಯನ್ನೂ ಸೇರಿಸಿ ಕೊಡಿ.