ಹನ್ನೆರಡು ಚಿತ್ರಗಳಲ್ಲಿ ಒಂದು ಮದುವೆ

ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ಚಿತ್ರಗಳು ಕಡಿಮೆ. ಆದರೆ ಮನೆಮನೆಗೂ ಹೆಚ್ಚುಕಡಿಮೆ ಅವೇ ಚಿತ್ರಗಳು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಸೋಂದಾ ಸ್ವರ್ಣವಲ್ಲೀ ಮಠಕ್ಕೆ ನಡೆದುಕೊಳ್ಳುವ ಹವ್ಯಕರ ಮನೆಗಳೂ ಇದಕ್ಕೆ ಹೊರತಲ್ಲ. ಬಾಸಿಂಗ ಕಟ್ಟಿದ ವಧೂವರರು, ಧಾರೆ, ಮಾಂಗಲ್ಯಧಾರಣೆ, ಕೊನೆಗೆ ಜಗಲಿಯ ಮುಂದೆ ಸಾಲಾಗಿ ನಿಂತ ನೆಂಟರಿಷ್ಟರು. ಈ ಆಯ್ಕೆಯನ್ನು ಮನೆಯವರ ಅಭಿರುಚಿಗಿಂತ ಹೆಚ್ಚಾಗಿ ಮಾಡಿದ್ದು ಫಿಲ್ಮಿನ ಅಳತೆ.

ಕೊಡಾಕ್ ಕಂಪನಿ 1901ರಲ್ಲಿ '120' ಎಂಬ ಸುರುಳಿ ಫಿಲ್ಮನ್ನು ಮಾರುಕಟ್ಟೆಗೆ ತಂದಿತು. ಚೌಕಾಕಾರದ ಚಿತ್ರ ತೆಗೆಯುವ ಕ್ಯಾಮೆರಾಗಳಲ್ಲಿ ಇದರಿಂದ ಸಿಗುತ್ತಿದ್ದುದು 12 ಚಿತ್ರ ಮಾತ್ರ. ಸ್ಟುಡಿಯೊದವರ ಯಾಶಿಕಾ ಆಗಲಿ, ಭಾರತದಲ್ಲೇ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಥ್ರೀ ಆಗಲಿ ಈ ಮಿತಿಯನ್ನು ಮೀರುವಂತಿರಲಿಲ್ಲ. ಆಮದಿನ ಮೇಲೆ ನಿರ್ಬಂಧಗಳಿದ್ದ ಆ ದಶಕಗಳಲ್ಲಿ ಫಿಲ್ಮು ದುಬಾರಿ ವಸ್ತು. ಎರಡು ರೋಲು ತಂದರೆ ಒಂದು ಇಡೀ ಮದುವೆ 24 ಚಿತ್ರಗಳಲ್ಲಿ ಮುಗಿಯಬೇಕು. ಹೀಗಾಗಿ ಯಾವ ಗಳಿಗೆ ಉಳಿಯಬೇಕು, ಯಾವುದು ಹೋದರೂ ಸರಿ ಎಂಬುದನ್ನು ಗುಂಡಿ ಒತ್ತುವ ಮೊದಲೇ ತೀರ್ಮಾನಿಸಬೇಕಾಗುತ್ತಿತ್ತು.

ಮಲೆನಾಡಿನ ಮದುವೆಯಲ್ಲಿ ಬೆಳಕಿನ ಸಮಸ್ಯೆಯೂ ಇತ್ತು. ಅಂಗಳದ ತುಂಬ ಅಡಕೆ ದಬ್ಬೆ, ಸೋಗೆಗಳ ಚಪ್ಪರ. ಅದರಡಿ ನೆರಳು, ಜೊತೆಗೆ ಹೋಮದ ಹೊಗೆ. ಬೆಳಕು ಸಾಲದೆಡೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಆಗ ಅಲುಗುವುದೆಲ್ಲ ಮಸುಕಾಗುತ್ತದೆ. ಆದ್ದರಿಂದ ನಿಂತವರು, ಕುಳಿತವರು ಚಿತ್ರಕ್ಕೆ ಒಗ್ಗುತ್ತಿದ್ದರು; ನಡೆಯುವವರು ಒಗ್ಗುತ್ತಿರಲಿಲ್ಲ. ಅಂತಃಪಟ ಸರಿಯುವ ಗಳಿಗೆಯಂತೂ ಒಂದೇ ಸಲ ಬರುವಂಥದು. ಮುಹೂರ್ತ ಫೋಟೊದವನಿಗಾಗಿ ಕಾಯುವುದಿಲ್ಲ.

ಇದರ ಪರಿಣಾಮ ವಿಚಿತ್ರವಾದದ್ದು. ಶಾಸ್ತ್ರದ ಲೆಕ್ಕದಲ್ಲಿ ಮದುವೆ ಪೂರ್ಣವಾಗುವುದು ಸಪ್ತಪದಿಯಿಂದ. ಏಳನೆಯ ಹೆಜ್ಜೆಯ ಮಂತ್ರ ಹೇಳುವುದು ಸಖ್ಯವನ್ನು. 1955ರ ಹಿಂದೂ ವಿವಾಹ ಕಾಯಿದೆಯ 7ನೇ ಕಲಮು ಸಹ, ಸಪ್ತಪದಿ ಇರುವ ಮದುವೆಗಳು ಏಳನೆಯ ಹೆಜ್ಜೆ ಇಟ್ಟಾಗಲೇ ಪೂರ್ಣವಾಗುತ್ತವೆ ಎನ್ನುತ್ತದೆ. ಆದರೆ ಅಗ್ನಿಯ ಪಕ್ಕದಲ್ಲಿ ತಲೆತಗ್ಗಿಸಿ ಹೆಜ್ಜೆಯಿಡುವ ಈ ಗಳಿಗೆ ಕ್ಯಾಮೆರಾಕ್ಕೆ ಅನುಕೂಲವಾದುದಲ್ಲ. ಜನರ ಕಣ್ಣಿನಲ್ಲಿ 'ಮದುವೆಯ ಕ್ಷಣ' ಎಂದರೆ ಮಾಂಗಲ್ಯಧಾರಣೆಯೇ ಎಂಬ ಭಾವನೆ ಗಟ್ಟಿಯಾಗಲು ಆಲ್ಬಮ್ಮುಗಳೂ, ಆಮೇಲೆ ಬಂದ ಸಿನಿಮಾಗಳೂ ಸಾಕಷ್ಟು ನೆರವಾಗಿವೆ.

ಬಿಟ್ಟುಹೋದದ್ದು ಇದೊಂದೇ ಅಲ್ಲ. ಹವ್ಯಕರ ಮದುವೆಯಲ್ಲಿ ಅರಿಸಿನ ಹಚ್ಚುವುದಕ್ಕೆ, ದಿಬ್ಬಣ ಎದುರುಗೊಳ್ಳುವುದಕ್ಕೆ, ಧಾರೆಗೆ, ಹೆಣ್ಣೊಪ್ಪಿಸುವುದಕ್ಕೆ ಒಂದೊಂದು ಹಾಡುಂಟು. ಬಾಯಿಂದ ಬಾಯಿಗೆ ಬಂದ ಈ ಹಾಡುಗಳನ್ನು ಹೇಳುತ್ತಿದ್ದವರು ಮನೆಯ ಹಿರಿಯ ಹೆಂಗಸರು. ಪುರೋಹಿತರ ಮಂತ್ರದಷ್ಟೇ ಕ್ರಮವಾಗಿ ಅವರ ಹಾಡೂ ಮದುವೆಯನ್ನು ನಡೆಸುತ್ತಿತ್ತು. ಆದರೆ ಹಾಡು ಚಿತ್ರಕ್ಕೆ ಸಿಗದು. ಹಾಡುವವರಿಗಾಗಿ ಫಿಲ್ಮು ವೆಚ್ಚ ಮಾಡುವುದೂ ದುಂದು ಎನಿಸುತ್ತಿತ್ತು. ಒಲೆಯ ಮುಂದೆ ನಿಂತ ಅಡಿಗೆಯವರ, ಬಾಳೆಲೆ ಹಾಸಿದವರ ಗತಿಯೂ ಅದೇ. ಗುಂಪು ಚಿತ್ರಕ್ಕೆ ಕರೆ ಬಂದಾಗ ಕೈಯಲ್ಲಿ ಕೆಲಸವಿದ್ದವರು ಅದರಿಂದ ಹೊರಗೇ ಉಳಿದರು.

ಮುಂದೆ 36 ಚಿತ್ರಗಳ ಫಿಲ್ಮು ಬಂತು, ಬಣ್ಣ ಬಂತು, ವಿಡಿಯೊ ಬಂತು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಎಣಿಕೆಯೇ ತಪ್ಪಿತು. 2012ರಲ್ಲಿ ಸ್ವತಃ ಕೊಡಾಕ್ ದಿವಾಳಿತನದ ಅರ್ಜಿ ಹಾಕಿತು. ಚಿತ್ರ ಈಗ ನೆನಪಿನ ಜೊತೆಗೆ ಸಾಕ್ಷಿಯೂ ಹೌದು. ವಿಧಿಗಳು ನಡೆಯದೆ ಕೇವಲ ನೋಂದಣಿಯಿಂದ ಹಿಂದೂ ವಿವಾಹ ಸಿಂಧುವಾಗದೆಂದು ಸುಪ್ರೀಂ ಕೋರ್ಟು 2024ರಲ್ಲಿ ಹೇಳಿದ ಮೇಲೆ, ಹಿಂದೆ ಫಿಲ್ಮು ಉಳಿಸಲು ಬಿಟ್ಟ ಏಳು ಹೆಜ್ಜೆಗಳಿಗೇ ಹೆಚ್ಚಿನ ಬೆಲೆ ಬಂದಂತಾಗಿದೆ.

ಹಾಗೆಂದು ಆಯ್ಕೆಯ ಕೆಲಸ ತಪ್ಪಿತೆನ್ನುವಂತಿಲ್ಲ. ಹಿಂದೆ ಗುಂಡಿ ಒತ್ತುವ ಮೊದಲು ನಡೆಯುತ್ತಿದ್ದ ಆಯ್ಕೆ ಈಗ ಸಾವಿರಾರು ಚಿತ್ರಗಳ ನಡುವೆ, ಮದುವೆ ಮುಗಿದ ಮೇಲೆ ನಡೆಯಬೇಕು. ಅನೇಕ ಮನೆಗಳಲ್ಲಿ ಅದು ನಡೆಯುವುದೇ ಇಲ್ಲ. ಫಿಲ್ಮಿನ ಬಡತನ ನೀಗಿದ ಕಾಲದಲ್ಲೂ ಕ್ಯಾಮೆರಾ ಮಂಟಪದ ಸುತ್ತಲೇ ತಿರುಗುತ್ತಿದೆ. ಹಾಡು ಬಲ್ಲ ಅಜ್ಜಿಯಂದಿರ ಸಂಖ್ಯೆಯಾದರೋ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಫೋಟೊದವನಿಗೆ ವೀಳ್ಯ ಕೊಡುವ ದಿನವೇ ಅವರು ಕುಳಿತುಕೊಳ್ಳುವ ಜಾಗವನ್ನೂ ತೋರಿಸಿಡುವುದು ಒಳ್ಳೆಯದು.