ಮಂಡಿಚಿಪ್ಪಿನ ಸರ್ಜರಿ: ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಏನಾಗುತ್ತೆ?

ಮೆಟ್ಟಿಲು ಇಳಿಯುವಾಗ ಮಂಡಿಯ ಮುಂಭಾಗದಲ್ಲಿ ಚುಳ್ ಅನ್ನುವ ನೋವು. ಕುಕ್ಕುರುಗಾಲಲ್ಲಿ ಕೂತು ಏಳಬೇಕಾದರೆ ಕೈ ಊರಲೇಬೇಕು. ಸಿನಿಮಾ ಮುಗಿಯುವಷ್ಟರಲ್ಲಿ ಮಂಡಿ ಹಿಡಿದುಬಿಟ್ಟಿರುತ್ತೆ. ಯುವಜನರಲ್ಲಿ ಅತಿ ಸಾಮಾನ್ಯವಾದ ಮಂಡಿ ನೋವು ಇದೇ. ಕಬಡ್ಡಿ ಆಡುವ ಕಾಲೇಜು ಹುಡುಗಿಗೂ ಬರಬಹುದು, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೂತೆದ್ದು ದುಡಿಯುವ ಹೆಂಗಸಿಗೂ ಬರಬಹುದು. ಎಕ್ಸ್‌ರೇ ನೋಡಿ ಯಾರಾದರೂ 'ಚಿಪ್ಪು ಸ್ವಲ್ಪ ಪಕ್ಕಕ್ಕೆ ಸರಿದಿದೆ, ಆಪರೇಷನ್ ಮಾಡಿಸಿಬಿಡಿ' ಅಂದರೆ ಮನೆಯವರು ತಕ್ಷಣ ಹೂಂ ಅನ್ನುತ್ತಾರೆ. ಆದರೆ ಆಪರೇಷನ್ ಆದ ಹತ್ತಿಪ್ಪತ್ತು ವರ್ಷಕ್ಕೆ ಆ ಮಂಡಿ ಹೇಗಿರುತ್ತೆ ಅಂತ ಕೇಳುವವರು ಕಡಿಮೆ.

ಮೊದಲು ಒಂದು ಗೆರೆ ಎಳೆದುಕೊಳ್ಳೋಣ. ಚಿಪ್ಪು ನೋಯುವುದು ಬೇರೆ, ಚಿಪ್ಪು ಜಾರುವುದು ಬೇರೆ. ತೊಡೆ ಮೂಳೆಯ ತುದಿಯಲ್ಲಿ ಒಂದು ಕಾಲುವೆಯಂಥ ತಗ್ಗಿದೆ, ಕಾಲು ಮಡಚಿದಾಗ ಚಿಪ್ಪು ಅದರೊಳಗೆ ಓಡಾಡುತ್ತದೆ. ಆ ತಗ್ಗು ಆಳವಿಲ್ಲದಿದ್ದರೆ, ಚಿಪ್ಪು ತೀರಾ ಮೇಲಿದ್ದರೆ ಅಥವಾ ಸ್ನಾಯುಪಟ್ಟಿ ಮೊಳಕಾಲ ಮೂಳೆಗೆ ಅಂಟುವ ಜಾಗ ಹೊರಗಡೆಗೆ ಇದ್ದರೆ ಚಿಪ್ಪು ಹೊರಕ್ಕೆ ಜಾರಬಹುದು. ಪದೇಪದೇ ಜಾರುವವರಿಗೆ ಸರ್ಜರಿಯಿಂದ ನಿಜವಾದ ಲಾಭವಿದೆ. ಬರೀ ನೋವಿದ್ದು, ಚಿಪ್ಪು ಒಮ್ಮೆಯೂ ಜಾರದವರ ಲೆಕ್ಕಾಚಾರವೇ ಬೇರೆ.

ಈ ಸರ್ಜರಿಗಳ ಹಿಂದಿನ ಚರಿತ್ರೆ ಸ್ವಲ್ಪ ಕಸಿವಿಸಿ ತರುವಂಥದ್ದು. 1938ರಲ್ಲಿ ಹೌಸರ್ ಎಂಬ ವೈದ್ಯರು ವಿವರಿಸಿದ ವಿಧಾನದಲ್ಲಿ ಸ್ನಾಯುಪಟ್ಟಿ ಅಂಟುವ ಮೂಳೆ ತುಣುಕನ್ನು ಕತ್ತರಿಸಿ ಒಳಬದಿಗೆ ಸರಿಸುತ್ತಿದ್ದರು. ಚಿಪ್ಪು ಜಾರುವುದೇನೋ ನಿಂತಿತು. ಆದರೆ ಮೊಳಕಾಲ ಮೂಳೆ ತ್ರಿಕೋನಾಕಾರದ್ದು, ಒಳಕ್ಕೆ ಸರಿಸಿದರೆ ತುಣುಕು ಹಿಂದಕ್ಕೂ ಹೋಗುತ್ತದೆ. ಆಗ ಚಿಪ್ಪಿನ ಮೇಲಿನ ಒತ್ತಡ ಏರುತ್ತದೆ. ವರ್ಷಗಳ ನಂತರ ಈ ಮಂಡಿಗಳಲ್ಲಿ ಸಂಧಿವಾತ ಕಾಣಿಸಿಕೊಂಡಿತು. ಎರಡು ವರ್ಷದ ಫಲಿತಾಂಶ ನೋಡಿ ಚಪ್ಪಾಳೆ ತಟ್ಟಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. 1983ರಲ್ಲಿ ಫುಲ್ಕರ್ಸನ್ ಮೂಳೆಯನ್ನು ಓರೆಯಾಗಿ ಕತ್ತರಿಸಿ ಒಳಕ್ಕೂ ಮುಂದಕ್ಕೂ ಒಟ್ಟಿಗೆ ಸರಿಸುವ ವಿಧಾನ ತಂದರು. ಇದು ಇವತ್ತಿಗೂ ಚಾಲ್ತಿಯಲ್ಲಿದೆ. ಸವಕಳಿ ಚಿಪ್ಪಿನ ಹೊರಬದಿಯಲ್ಲೋ ಕೆಳಗಡೆಯಲ್ಲೋ ಇದ್ದರೆ ಫಲಿತಾಂಶ ಚೆನ್ನಾಗಿರುತ್ತದೆ, ಚಿಪ್ಪಿನ ತುಂಬಾ ಹರಡಿದ್ದರೆ ಅಷ್ಟು ಚೆನ್ನಾಗಿರಲ್ಲ. ಬೆಳೆಯುವ ಮಕ್ಕಳಲ್ಲಿ ಈ ಜಾಗದ ಮೂಳೆ ಕತ್ತರಿಸುವುದನ್ನು ತಪ್ಪಿಸುತ್ತಾರೆ.

1970ರ ದಶಕದಿಂದ ಜನಪ್ರಿಯವಾದ ಇನ್ನೊಂದು ಸರ್ಜರಿ 'ಲ್ಯಾಟರಲ್ ರಿಲೀಸ್'. ಚಿಪ್ಪಿನ ಹೊರಬದಿಯ ಬಿಗಿ ಪಟ್ಟಿಯನ್ನು ಕತ್ತರಿಸಿ ಸಡಿಲಿಸುವುದು. ಸುಲಭ, ಚಿಕ್ಕ ಗಾಯ, ಬೇಗ ಮನೆಗೆ. ಹಾಗಾಗಿ ಅಗತ್ಯವಿಲ್ಲದವರಿಗೂ ಮಾಡಿದರು. ಮೊದಲ ತಿಂಗಳುಗಳ ಸುಧಾರಣೆ ವರ್ಷ ಕಳೆದಂತೆ ಕರಗಿದ್ದನ್ನು ಅನೇಕ ಅಧ್ಯಯನಗಳು ತೋರಿಸಿವೆ. ಅತಿಯಾಗಿ ಕತ್ತರಿಸಿದ ಕೆಲವರಲ್ಲಿ ಚಿಪ್ಪು ಒಳಬದಿಗೆ ಜಾರುವ ಹೊಸ ರೋಗವೇ ಹುಟ್ಟಿತು. ಚಿಪ್ಪು ಜಾರುವವರಿಗೆ ಇದೊಂದನ್ನೇ ಮಾಡುವುದು ಈಗ ಸರಿಯಲ್ಲ ಎಂಬ ಮಾತಿಗೆ ಹೆಚ್ಚಿನ ತಜ್ಞರ ಒಪ್ಪಿಗೆ ಇದೆ.

ಬರೀ ನೋವಿನ ವಿಷಯದಲ್ಲಿ ಒಂದು ಪುಟ್ಟ ಆದರೆ ಗಟ್ಟಿ ಪ್ರಯೋಗ ಫಿನ್ಲೆಂಡ್‌ನಲ್ಲಿ ನಡೆದಿದೆ. 56 ರೋಗಿಗಳಲ್ಲಿ ಅರ್ಧ ಜನರಿಗೆ ಆರ್ಥ್ರೋಸ್ಕೋಪಿ ಜೊತೆ ಮನೆ ವ್ಯಾಯಾಮ, ಉಳಿದವರಿಗೆ ವ್ಯಾಯಾಮ ಮಾತ್ರ. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಒಂಬತ್ತು ತಿಂಗಳಿಗೂ ವ್ಯತ್ಯಾಸವಿಲ್ಲ, ಐದು ವರ್ಷಕ್ಕೂ ಇಲ್ಲ. ಹಾಗಂತ ವ್ಯಾಯಾಮ ಮಂತ್ರದಂಡವೂ ಅಲ್ಲ. ಈ ನೋವಿನವರನ್ನು ಐದರಿಂದ ಎಂಟು ವರ್ಷದ ನಂತರ ವಿಚಾರಿಸಿದ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೂರ್ತಿ ಗುಣವಾಗಿರಲಿಲ್ಲ. ಆದರೂ ಸೊಂಟ ಮತ್ತು ತೊಡೆ ಎರಡರ ಸ್ನಾಯುಗಳನ್ನೂ ಬಲಪಡಿಸುವ ವ್ಯಾಯಾಮವೇ ಮೊದಲ ಚಿಕಿತ್ಸೆ.

ಪದೇಪದೇ ಜಾರುವ ಚಿಪ್ಪಿಗೆ ಈಗ ಹೆಚ್ಚಾಗಿ ಮಾಡುವುದು ಹರಿದ ಒಳಬದಿ ಅಸ್ಥಿರಜ್ಜುವಿನ ಬದಲು ಹೊಸದನ್ನು ಕೂರಿಸುವ ಎಂಪಿಎಫ್‌ಎಲ್ ಸರ್ಜರಿ. ಮತ್ತೆ ಜಾರುವುದು ಬಹುಪಾಲು ಜನರಲ್ಲಿ ನಿಲ್ಲುತ್ತದೆ. ಆದರೆ ಜಾರುವುದು ನಿಂತರೆ ಸವಕಳಿಯೂ ನಿಂತಿತು ಅಂತೇನಿಲ್ಲ. ಎಳೆಯನ್ನು ತಪ್ಪು ಜಾಗದಲ್ಲಿ ಬಿಗಿದರೆ ಮಂಡಿ ಪೆಡಸಾಗುತ್ತದೆ. ಇನ್ನು ಮೊದಲ ಸಲ ಜಾರಿದ ತಕ್ಷಣ ಹರಿದಿದ್ದನ್ನು ಹೊಲಿದುಬಿಡುವ ಹಳೆಯ ಪದ್ಧತಿ ಮಕ್ಕಳಲ್ಲಿ ಫಲ ಕೊಡಲಿಲ್ಲ. ಫಿನ್ಲೆಂಡ್‌ನಲ್ಲೇ 14 ವರ್ಷ ಹಿಂಬಾಲಿಸಿ ನೋಡಿದಾಗ ಹೊಲಿಸಿಕೊಂಡವರಲ್ಲಿ 67%, ಹೊಲಿಸಿಕೊಳ್ಳದವರಲ್ಲಿ 71% ಮಂದಿಗೆ ಚಿಪ್ಪು ಮತ್ತೆ ಜಾರಿತ್ತು.

ಈ ಅಂಕಿಗಳೆಲ್ಲ ಅಲ್ಲಿನವು, ಮಂಡಿ ನಮ್ಮದು. ಫಲಿತಾಂಶ ಅಳೆಯಲು ವೈದ್ಯರು ಬಳಸುವ ಕುಜಾಲಾ ಪ್ರಶ್ನಾವಳಿಯಲ್ಲಿ 13 ಪ್ರಶ್ನೆಗಳಿವೆ. ಓಡುವುದು, ಹಾರುವುದು, ಕುಕ್ಕುರುಗಾಲಲ್ಲಿ ಕೂರುವುದು ಎಲ್ಲಾ ಇದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದು ಇಲ್ಲ, ಭಟ್ಟಿ ಮುಂದಿನ ಪಾಳಿಯಂತೂ ಇಲ್ಲವೇ ಇಲ್ಲ. 1965ರಿಂದ ಜೆಜೆಎಂ ಮೆಡಿಕಲ್ ಕಾಲೇಜು ಇರುವ, ಬಾಪೂಜಿ ಮತ್ತು ಚಿಗಟೇರಿ ಆಸ್ಪತ್ರೆಗಳಿಗೆ ಸುತ್ತಲ ಜಿಲ್ಲೆಗಳಿಂದ ಜನ ಬರುವ ಊರು ಇದು. ಇಲ್ಲಿನ ದುಡಿಯುವ ಜನರ ಮಂಡಿಗಳ ದೀರ್ಘಕಾಲದ ಲೆಕ್ಕ ಇಡಲು ಇದಕ್ಕಿಂತ ಒಳ್ಳೆ ಜಾಗ ಯಾವುದಿದೆ?

ರಾಜಕೀಯ ಇರೋದು ದುಡ್ಡಿನಲ್ಲಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆಯಿದೆ. ಆದರೆ ಅದು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತಿಂಗಳುಗಟ್ಟಲೆ ಬಂದುಹೋಗಿ ಮಾಡಬೇಕಾದ ಫಿಸಿಯೋಥೆರಪಿ ಆ ಪ್ಯಾಕೇಜಿನ ಹೊರಗೇ ಉಳಿಯುತ್ತದೆ. ಅಂದರೆ ಕತ್ತರಿಸುವುದಕ್ಕೆ ಹಣವಿದೆ, ಕತ್ತರಿಸದೆ ಉಳಿಸುವುದಕ್ಕೆ ಇಲ್ಲ. ಇಎಸ್‌ಐ ಕಾರ್ಡ್ ಇರುವ ಹರಿಹರದ ಕಾರ್ಮಿಕನಿಗೆ ಹೊರರೋಗಿ ಚಿಕಿತ್ಸೆಯೂ, ರಜೆಗೆ ಒಂದಿಷ್ಟು ಹಣವೂ ಸಿಗುತ್ತದೆ. ಕಾರ್ಡಿಲ್ಲದ ಭಟ್ಟಿ ಕೆಲಸದವಳಿಗೆ ಎರಡೂ ಇಲ್ಲ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರ್, ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ ಹೆಂಗಸರಿಗೆ ಫ್ರೀ. ಆದರೆ ವಾರಕ್ಕೆರಡು ದಿನದ ಕೂಲಿ ಯಾರು ಕೊಡ್ತಾರೆ?

ಸರ್ಜರಿ ಅಂದಾಗ ಕೇಳಬೇಕಾದ್ದು ಇಷ್ಟು: ನನ್ನ ಚಿಪ್ಪು ಜಾರುತ್ತಿದೆಯಾ, ಬರೀ ನೋಯುತ್ತಿದೆಯಾ? ಕನಿಷ್ಠ ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿ ನೋಡಿದ್ದೇನಾ? ಮಾಡುವ ಸರ್ಜರಿಯ ಹೆಸರೇನು, ಆಮೇಲೆ ನೆಲದಲ್ಲಿ ಕೂರಬಹುದಾ? ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ಎರಡನ್ನೂ ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಇಪ್ಪತ್ತು ವರ್ಷದ ನಂತರ ನೋಡುವ ವೈದ್ಯರಿಗೆ ಮೊದಲು ಬೇಕಾಗೋದು ಅದೇ ಕಾಗದ.