ಕೃತಕ ಪಾದ: ಸಾದಾ ಮತ್ತು ಮೈಕ್ರೋಪ್ರೊಸೆಸರ್ ಬಗೆಗಳು

ಕೃತಕ ಪಾದವು ಕಾಲು ಕಳೆದುಕೊಂಡವರಿಗೆ ಜೋಡಿಸುವ ಸಾಧನ. ಸಾದಾ ಪಾದದಲ್ಲಿ ಮೋಟಾರು, ಬ್ಯಾಟರಿ ಇಲ್ಲ. ರಬ್ಬರು ಇಲ್ಲವೇ ಕಾರ್ಬನ್ ಫೈಬರಿನ ಬಾಗುವ ಗುಣವೇ ಹೆಜ್ಜೆಯನ್ನು ಸಾಗಿಸುತ್ತದೆ. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಪಾದ ಇದೇ ಬಗೆಯದು. ಅದನ್ನು ತೊಟ್ಟು ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಕೆಸರಿಗೂ ಇಳಿಯಬಹುದು. ಮೈಕ್ರೋಪ್ರೊಸೆಸರ್ ಪಾದ ಸೆನ್ಸರುಗಳಿಂದ ಇಳಿಜಾರು, ಮೆಟ್ಟಿಲುಗಳನ್ನು ಗುರುತಿಸಿ ಕೀಲಿನ ಕೋನ ಬದಲಿಸುತ್ತದೆ. ಕಾಲು ಮುಂದೆ ಬರುವಾಗ ಬೆರಳ ತುದಿಯನ್ನು ಎತ್ತಿ ಎಡವುವುದನ್ನು ತಗ್ಗಿಸುತ್ತದೆ. ಆದರೆ ತೂಕವೂ ಬೆಲೆಯೂ ಹೆಚ್ಚು, ಚಾರ್ಜು ತಪ್ಪಿಸುವಂತಿಲ್ಲ.

ಯಾವ ಪಾದ ಸೂಕ್ತ ಎಂಬುದು ನಡೆಯುವ ನೆಲವನ್ನೂ ಅವಲಂಬಿಸಿದೆ. ಉದಾಹರಣೆಗೆ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ಹೊಲಗಳ ಎರೆಮಣ್ಣು ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ದುಡಿಯುವವರಿಗೆ ಸುಲಭವಾಗಿ ರಿಪೇರಿಯಾಗುವ ಸಾದಾ ಪಾದವೇ ಹೆಚ್ಚು ಸೂಕ್ತ. ಪಾದ ಯಾವುದೇ ಇರಲಿ, ಮೋಟುಕಾಲನ್ನು ಕೂರಿಸುವ ಸಾಕೆಟ್ಟು ಸರಿಹೊಂದದಿದ್ದರೆ ಅಲ್ಲಿ ಹುಣ್ಣಾಗುತ್ತದೆ. ಮಧುಮೇಹಿಗಳು ಮೋಟುಕಾಲನ್ನು ದಿನವೂ ಪರೀಕ್ಷಿಸಿಕೊಳ್ಳಬೇಕು.